ಆಮೆನ್ ಅಣ್ಣ

ಚರ್ಚಿನ ಯುವಜನರ ಪ್ರಾರ್ಥನಾಕೂಟಕ್ಕೆ ಬರುವ ಎಲೆಕ್ಟ್ರಿಷಿಯನ್ ಒಬ್ಬನನ್ನು ಎಲ್ಲರೂ ಆಮೆನ್ ಅಣ್ಣ ಎಂದೇ ಕರೆಯುವುದು. ಯಾರ ಪ್ರಾರ್ಥನೆಯೇ ಆಗಲಿ, ಎರಡು ನಿಮಿಷ ದಾಟಿತೆಂದರೆ ನಡುವೆಯೇ ಗಟ್ಟಿಯಾಗಿ ಆಮೆನ್ ಎಂದುಬಿಡುತ್ತಾನೆ. ದೇವರಿಗೆ ಗೊತ್ತಿಲ್ಲದ್ದನ್ನು ಉದ್ದುದ್ದ ಪ್ರಾರ್ಥಿಸುವ ಪಾದ್ರಿಗಳ ಮಗ ಹೊಸದಾಗಿ ತಿಳಿಸುವುದೇನೂ ಇಲ್ಲವೆಂಬುದು ಅವನ ದೃಢ ವಿಶ್ವಾಸ. “ದೇವ್ರ ಕಿವಿ ಚುರುಕಾಗೇ ಇದೆ ಕಣಪ್ಪಾ, ಚಹಾ ಆರಿಹೋಗುತ್ತೆ” ಎಂದು ಸಮಾಧಾನವನ್ನೂ ಹೇಳುತ್ತಾನೆ. ಪ್ರಾರ್ಥನೆ, ಚಹಾ ಮುಗಿದ ಮೇಲಿನ ಕುರ್ಚಿಯಾಟದಲ್ಲಿ ಹಾಡು ನಿಲ್ಲುವ ಮೊದಲೇ ಕುಳಿತು ಭಕ್ತಿಯಿಂದ ಗೆಲ್ಲುತ್ತಾನೆ. ಕಳೆದ ವಾರ, ಮಾತು ತೊದಲುವ ಹೊಲಿಗೆ ಕೆಲಸದ ಹುಡುಗಿಯೊಬ್ಬಳು ಮೊದಲ ಸಲ ಪ್ರಾರ್ಥಿಸಲು ಎದ್ದಳು. “ತಂದೆಯೇ, ನಮ್ಮ... ನಮ್ಮಮ್ಮನ...” ಎಂದು ಅಲ್ಲೇ ಸಿಕ್ಕಿಕೊಂಡಳು. ಇವನೀಗ ಅವಳ ಬಾಯಿ ಮುಚ್ಚಿಸುತ್ತಾನೆಂದು ಹೆದರಿ ಎಲ್ಲರೂ ಒಂದೊಂದು ಕಣ್ಣು ತೆರೆದು ನೋಡಿದರು. ಅವನು ತಲೆ ತಗ್ಗಿಸಿ ಕಾದ. ಅವಳು ಅಮ್ಮನ ಕಾಯಿಲೆಯನ್ನು ಪೂರ್ತಿ ಹೇಳಿ ಮುಗಿಸಿ, ತಾನೇ ಆಮೆನ್ ಎಂದು ಕೂತಳು. ಅವನು ಮಾತ್ರ ಬಹಳ ಹೊತ್ತು ಕಣ್ಣು ತೆರೆಯಲಿಲ್ಲ.