ಗೊರಸು ಬಲ್ಲ ಪೀರ್ ಸಾಬರು

ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ಹ್ಯಾಂಡ್‌ಪೋಸ್ಟಿನ ಕೂಡುರಸ್ತೆಯ ಹುಣಸೆಮರದ ಕೆಳಗೆ ಪೀರ್ ಸಾಬರು ಲಾಳ ಕಟ್ಟಲೆಂದು ಒಂದು ಎತ್ತನ್ನು ಕೆಡವುತ್ತಿದ್ದರು. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಮೈಸೂರಿನ ಬಸ್ಸೇ ಕಾರಣ. ಅದು ಅಲ್ಲಿಂದ ಹೊರಡುವುದು ಸರಿಯಾಗಿ ಆಗಲೇ. ಅದರ ಹಾರನ್ನಿಗೆ ಎತ್ತು ಬೆಚ್ಚಿತು. ಹಗ್ಗದ ಒಂದು ತುದಿ ಪೀರ್ ಸಾಬರ ಕೈಯಲ್ಲಿತ್ತು, ಇನ್ನೊಂದು ಎತ್ತಿನ ಒಡೆಯ ಚನ್ನಬಸವಣ್ಣನ ಕೈಯಲ್ಲಿ. "ಎಳೀರಿ" ಎಂದು ಕೂಗುವ ಮೊದಲು ಸುತ್ತ ಒಮ್ಮೆ ಕಣ್ಣಾಡಿಸುವುದು ಪೀರ್ ಸಾಬರ ಪದ್ಧತಿ. ಅವತ್ತು ಎತ್ತು ಕೊಸರಾಡಿದ ಗಡಿಬಿಡಿಯಲ್ಲಿ ನೋಡದೆ ಕೂಗಿಬಿಟ್ಟರು. ಎತ್ತು ಧೊಪ್ಪನೆ ಮಗ್ಗುಲಾಗಿ ಬಿತ್ತು. ಅದರ ಮೈಯಡಿಯಲ್ಲಿ ಒಂದು ನಾಯಿಯ ಮುಂಗಾಲು ಸಿಕ್ಕಿಕೊಂಡಿತು.

ನಾಯಿಯ ಹೆಸರು ಕೆಂಚ. ಅದು ಬೆಳ್ಳಿಯ ಜೊತೆ ವಾರದ ಸಂತೆಗೆ ಬಂದಿತ್ತು. ಬೆಳ್ಳಿ ಕಾಡಂಚಿನ ಹಾಡಿಯವಳು. ಗಂಡ ಗುಂಡ ಸತ್ತ ಮೇಲೆ ಒಂದು ತುಂಡು ಹೊಲದಲ್ಲಿ ಒಬ್ಬಳೇ ರಾಗಿ ಬೆಳೆದುಕೊಂಡು, ಪೊರಕೆ ಕಟ್ಟಿ ಮಾರಿಕೊಂಡು ಇದ್ದಳು. ಹೊಲಕ್ಕೂ ಕಾಡಿಗೂ ನಡುವೆ ಒಂದು ಮುಳ್ಳುಬೇಲಿ, ಅಷ್ಟೆ. ರಾಗಿ ತೆನೆ ಕಟ್ಟುವ ಕಾಲಕ್ಕೆ ಕಾಡುಹಂದಿಯ ಹಿಂಡು ಇಳಿಯುತ್ತದೆ. ಅವು ಬೇಲಿ ಮುಟ್ಟುವ ಮೊದಲೇ ಗಾಳಿಯಲ್ಲಿ ವಾಸನೆ ಹಿಡಿದು ಎದುರು ನುಗ್ಗುವುದು ಕೆಂಚನ ಕೆಲಸ. ಹಿಂದಿನಿಂದ ತಗಡಿನ ಡಬ್ಬ ಬಡಿಯುವುದು ಬೆಳ್ಳಿಯ ಕೆಲಸ. ಆ ರಾಗಿಯೇ ಅವಳ ವರ್ಷದ ಊಟ. ಇದು ನಡೆದದ್ದು ೧೯೬೮ರ ಸೆಪ್ಟೆಂಬರಿನಲ್ಲಿ. ಪೈರು ಇನ್ನೂ ಮೊಣಕಾಲೆತ್ತರವಿತ್ತು.

ಎತ್ತನ್ನು ಎಬ್ಬಿಸಿದಾಗ ಕೆಂಚನ ಬಲ ಮುಂಗಾಲು ಪಾದಕ್ಕಿಂತ ಗೇಣು ಮೇಲೆ ಜೋಲಾಡುತ್ತಿತ್ತು. ಚರ್ಮ ಹರಿದಿರಲಿಲ್ಲ, ರಕ್ತವೂ ಇರಲಿಲ್ಲ.

"ಅಯ್ಯೋ ನನ್ನಪ್ಪ!" ಬೆಳ್ಳಿ ಓಡಿ ಬಂದು ಅದನ್ನು ತಬ್ಬಿಕೊಂಡಳು. "ತೆನೆ ಬರೋ ಒತ್ತಿಗೆ ಇಂಗಾಯ್ತಲ್ಲ ಸಾಬಣ್ಣ! ಇನ್ನು ಹಂದಿಗೆ ಅಡ್ಡ ನಿಲ್ಲೋರ್ಯಾರು?"

"ಅಳಬ್ಯಾಡ ಕಣವ್ವ," ಎಂದ ಚನ್ನಬಸವಣ್ಣ. "ಹಾರನಳ್ಳಿ ಪಟೇಲರ ಎತ್ತಿನ ಕಾಲು ಕೂಡಿಸಿದ ಕೈ ಇದು. ನಾಯಿ ಕಾಲು ಯಾವ ಮಹಾ? ಜೋಳದ ಕಡ್ಡಿ ಇದ್ದಂಗೆ ಅದೆ."

ಹೇಳಿದ್ದು ಸುಳ್ಳಲ್ಲ. ಐವತ್ತು ದಾಟಿದ ಪೀರ್ ಸಾಬರು ಲಾಳದ ಕೆಲಸದ ಜೊತೆಗೆ ದನಗಳ ಮುರಿದ ಕಾಲನ್ನೂ ಕಟ್ಟುತ್ತಿದ್ದರು. ಎತ್ತು ನಡೆಯುವ ಸದ್ದು ಕೇಳಿ ಯಾವ ಕಾಲಿನ ಲಾಳ ಸಡಿಲವಾಗಿದೆ ಎಂದು ಹೇಳಬಲ್ಲವರು. ನಾಯಿಯ ಕಾಲನ್ನು ಮಾತ್ರ ಅದುವರೆಗೆ ಮುಟ್ಟಿರಲಿಲ್ಲ.

ಅಷ್ಟು ಹೊತ್ತಿಗೆ ತಾಲ್ಲೂಕು ಊರಾದ ಕೋಟೆಯ ದನದ ಆಸ್ಪತ್ರೆಯ ಮಹದೇವಯ್ಯ ಸೈಕಲ್ಲಿನಿಂದಿಳಿದು ಬಂದ. ಡಾಕ್ಟರ ಕೈಕೆಳಗೆ ಮದ್ದು ಹಾಕುವ ಕೆಲಸ ಅವನದು. ಕಾಲನ್ನು ಮುಟ್ಟಿ ನೋಡಿ, "ಈಗ ಸಡಿಲವಾಗಿ ಒಂದು ಕಟ್ಟು ಹಾಕಿ, ನಾಳೆ ಕೋಟೆಗೆ ತನ್ನಿ ಸಾಬ್ರೆ. ಡಾಕ್ಟ್ರು ನೋಡ್ಲಿ. ಮೂಳೆ ಕೂಡ್ಲಿಲ್ಲ ಅಂದ್ರೆ ಕಾಲು ತೆಗೀತಾರೆ. ಮೂರು ಕಾಲಲ್ಲೂ ನಾಯಿ ಓಡಾಡ್ತದೆ," ಎಂದ.

ಕಾಲು ತೆಗೆಯುವ ಮಾತಿಗೆ ಬೆಳ್ಳಿಯ ಮುಖ ಕಪ್ಪಿಟ್ಟಿತು. ಅವಳು ಮಹದೇವಯ್ಯನತ್ತ ತಿರುಗಿಯೂ ನೋಡಲಿಲ್ಲ. "ನೀವೇ ಯೋಳಿ ಸಾಬಣ್ಣ. ಎಷ್ಟು ಕಾಲಲ್ಲಿ ಎದ್ದೇಳ್ತಾನೆ ನನ್ ಕೆಂಚ?"

ಮರದ ಕೆಳಗಿದ್ದವರೆಲ್ಲ ಕೇಳುವಂತೆ ಪೀರ್ ಸಾಬರು ಹೇಳಿದರು: "ನಾಕು."

ಅದು ಅವರ ಬಾಯಲ್ಲಿ ದಿನಾ ಆಡುವ ಸಂಖ್ಯೆ. ಎಷ್ಟು ಕಾಲಿಗೆ ಲಾಳ ಕಟ್ಟಬೇಕು ಎಂದು ಗಾಡಿಯವರು ಕೇಳಿದಾಗೆಲ್ಲ ಅದೇ ಉತ್ತರ.

ಕೆಂಚ ಹಾಡಿಯವರೆಗೆ ನಡೆಯುವಂತಿರಲಿಲ್ಲ. ಅದನ್ನು ಲಾಳದ ಕೊಟ್ಟಿಗೆಯಲ್ಲೇ ಮಲಗಿಸಿಕೊಂಡರು. ಮೂಳೆಯ ತುದಿಗಳನ್ನು ಎಳೆದು ನೇರ ಮಾಡಿದ ಕೆಲಸ ಚೆನ್ನಾಗಿತ್ತು. ಆಮೇಲೆ ನೋಡಿದ ಡಾಕ್ಟರೂ ಅದನ್ನು ಒಪ್ಪಿದರು. ಉದ್ದಿನ ಹಿಟ್ಟನ್ನು ಮೊಟ್ಟೆಯ ಬಿಳಿಯಲ್ಲಿ ಕಲಸಿ ಬಟ್ಟೆಗೆ ಬಳಿದು ಸುತ್ತಿದರು. ಮೇಲೆ ಬಿದಿರಿನ ದಬ್ಬೆ ಇಟ್ಟು, ಎತ್ತಿಗೆ ಕಟ್ಟುವಷ್ಟೇ ಬಿಗಿಯಾಗಿ ಕಟ್ಟಿದರು. ಕೊನೆಗೆ, ಎತ್ತಿನ ಗೊರಸಿಗೆ ಸಗಣಿ, ನೊಣ ತಾಗದ ಹಾಗೆ ಗೋಣಿ ಸುತ್ತುವಂತೆ, ಪಾದಕ್ಕೂ ಒಂದು ಗೋಣಿಚೂರು ಸುತ್ತಿ ಹೊಲಿದರು.

ಮನೆಯಲ್ಲಿ ಹೆಂಡತಿ ಬಷೀರಾಬಿಯ ರಗಳೆ ಬೇರೆ. ಅವರು ಗಂಡನ ಹತ್ತಿರ ಆಡುವುದು ಉರ್ದು. ಬೈಯುವಾಗ ಮಾತ್ರ ಅಕ್ಕಪಕ್ಕದವರಿಗೂ ತಿಳಿಯಲಿ ಎಂದು ಕನ್ನಡ. "ನಾಯಿ ಜೊಲ್ಲಿನ ಅಂಗಿ ಹಾಕ್ಕೊಂಡು ನಮಾಜಿಗೆ ನಿಲ್ತೀರೇನ್ರೀ? ಅದನ್ನೇ ಕಟ್ಕೊಂಡು ಕೊಟ್ಟಿಗೇಲೇ ಸಂಸಾರ ಮಾಡಿ!" ಪೀರ್ ಸಾಬರು ಕೊಟ್ಟಿಗೆಯ ಗೂಟಕ್ಕೆ ಒಂದು ಹಳೆ ಅಂಗಿ ನೇತುಹಾಕಿದರು. ನಾಯಿಯ ಆರೈಕೆಗೆ ಆ ಅಂಗಿ, ಮನೆಗೆ ಇನ್ನೊಂದು. ಬಷೀರಾಬಿ ಗೊಣಗುತ್ತಲೇ ದಿನಾ ಒಂದು ಬಟ್ಟಲು ಗಂಜಿಯನ್ನು ಹೊಸ್ತಿಲಾಚೆ ಇಟ್ಟು ಹೋಗುತ್ತಿದ್ದರು.

ಮರುದಿನ ಪೀರ್ ಸಾಬರು ಕೋಟೆಗೆ ಹೋಗಲಿಲ್ಲ. ಗಾಡಿಗಳು ಸಾಲುಗಟ್ಟಿದ್ದವು ಎಂಬುದು ನೆಪ. ಕಾಲು ತೆಗೆಯುವವರ ಹತ್ತಿರ ಯಾಕೆ ಒಯ್ಯಬೇಕು ಎಂಬುದು ನಿಜವಾದ ಕಾರಣ.

ಎರಡನೆಯ ದಿನ ಕೆಂಚ ಕಟ್ಟನ್ನು ಕಚ್ಚತೊಡಗಿತು. ಹಗಲೆಲ್ಲ ಅದೇ ಕೆಲಸ, ನಡುನಡುವೆ ಕುಂಯ್‌ಗುಟ್ಟುವುದು. ಪೀರ್ ಸಾಬರಿಗೆ ನಗು ಬಂತು. "ಕಳ್ಳ ನನ್ಮಗನೆ, ಮೊಟ್ಟೆ ವಾಸ್ನೆ ಹಿಡಿದ್ಯೇನೋ? ಹಂದಿ ಅಟ್ಟೋ ಮೂಗು, ಕೇಳ್ಬೇಕಾ!" ಎಂದು ತಲೆ ಸವರಿದರು. ಹಸಿ ಪೈರಿಗೆ ಬಾಯಿ ಹಾಕುವ ಎತ್ತಿಗೆ ಹಗ್ಗದ ಕುಕ್ಕೆ ಕಟ್ಟುತ್ತಾರಲ್ಲ, ಅಂಥದ್ದೇ ಒಂದು ಸಣ್ಣ ಕುಕ್ಕೆ ಹೆಣೆದು ಕೆಂಚನ ಮೂತಿಗೆ ಕಟ್ಟಿದರು. ಮೃದುವಾದ ನೂಲಿನಿಂದಲೇ ಹೆಣೆದಿದ್ದರು, ಚರ್ಮ ಉಜ್ಜದಿರಲಿ ಎಂದು. ಗಂಜಿಯ ಹೊತ್ತಿಗೆ ಮಾತ್ರ ಅದನ್ನು ಬಿಚ್ಚುತ್ತಿದ್ದರು.

ಮುಂದಿನ ಸಂತೆಗೆ ಬೆಳ್ಳಿ ರಾಗಿಮುದ್ದೆಯನ್ನು ಎಲೆಯಲ್ಲಿ ಕಟ್ಟಿಕೊಂಡು ಬಂದಳು. ಆ ಹೊತ್ತಿಗೆ ಕೆಂಚ ನರಳುವುದನ್ನೂ ಕಚ್ಚುವುದನ್ನೂ ನಿಲ್ಲಿಸಿತ್ತು; ಪೀರ್ ಸಾಬರು ಕುಕ್ಕೆ ತೆಗೆದಿದ್ದರು.

"ಸುಮ್ಕಾಗವ್ನೆ. ನೋವು ಇಳೀತು ಅಂತ ಕಾಣ್ತದೆ, ಅಲ್ವ ಸಾಬಣ್ಣ?"

"ಇಳೀದೆ ಏನು? ಮೂಳೆ ಕೂಡ್ತಾ ಅದೆ, ಬೆಳ್ಳವ್ವ."

ಅವಳು ಮುದ್ದೆಯನ್ನು ಚೂರು ಮಾಡಿ ನೀಡಿದಳು. ಕೆಂಚ ಅವಳ ಕೈ ನೆಕ್ಕಿತು, ಮುದ್ದೆ ಮುಟ್ಟಲಿಲ್ಲ. "ಬಿಂಕ ನೋಡು ಇವಂದು! ಪ್ಯಾಟೆ ಗಂಜಿ ರುಚಿ ಅತ್ತಿಬುಟ್ಟದೆ," ಎಂದು ನಗುತ್ತಲೇ ಹೋದಳು.

ಮರುದಿನ ಗಂಜಿ ಇಡಲು ಬಂದ ಬಷೀರಾಬಿ ಹೊಸ್ತಿಲಲ್ಲೇ ನಿಂತರು. ಈ ಸಲ ಬೈಯಲಿಲ್ಲ. ಮೂಗಿಗೆ ಸೆರಗು ಹಿಡಿದು, ಉರ್ದುವಿನಲ್ಲಿ, ತಗ್ಗಿದ ದನಿಯಲ್ಲಿ ಹೇಳಿದರು: "ಇದು ನಾಯಿಯ ವಾಸನೆ ಅಲ್ಲ. ಬಿಚ್ಚಿ ನೋಡಿ."

ಪೀರ್ ಸಾಬರು ಗೋಣಿಯ ಹೊಲಿಗೆ ಕತ್ತರಿಸಿದರು. ಪಾದ ಎರಡರಷ್ಟು ಊದಿ, ಬೆರಳುಗಳು ಕಪ್ಪಾಗಿ, ಮುಟ್ಟಿದರೆ ತಣ್ಣಗಿದ್ದವು. ಉಗುರೊಂದು ಕೈಗೇ ಕಿತ್ತು ಬಂತು. ಕೆಂಚ ಅರಚಲಿಲ್ಲ. ಅದಕ್ಕೆ ಅಲ್ಲಿ ಏನೂ ತಿಳಿಯುತ್ತಿರಲಿಲ್ಲ.

ಆದದ್ದು ಇಷ್ಟು. ಮೂಳೆ ಮುರಿದ ಜಾಗ ಮೊದಲೆರಡು ದಿನ ಊದುತ್ತದೆ. ಉದ್ದಿನ ಹಿಟ್ಟು ಒಣಗಿ ಕಲ್ಲಾಗುತ್ತದೆ. ಒಳಗೆ ಊತ, ಹೊರಗೆ ಜಗ್ಗದ ಕಟ್ಟು. ನಡುವೆ ರಕ್ತ ಹರಿಯುವ ದಾರಿ ಮುಚ್ಚಿತು. ಎತ್ತಿನ ಕಾಲಲ್ಲಿ ಮೊಣಕಾಲಿನ ಕೆಳಗೆ ಮಾಂಸ ಕಡಿಮೆ, ಮೂಳೆ ದಪ್ಪ. ಅದು ಅಂಥ ಬಿಗಿಯನ್ನು ಎಷ್ಟೋ ಸಲ ತಾಳಿಕೊಂಡಿತ್ತು. ತುದಿಯಲ್ಲಿರುವುದೋ ಗೊರಸು. ಗೊರಸು ಊದುವುದಿಲ್ಲ, ಕಪ್ಪಾಗುವುದಿಲ್ಲ. ಆಯುಸ್ಸಿಡೀ ಗೊರಸು ಹಿಡಿದ ಮನುಷ್ಯನಿಗೆ ಕಟ್ಟಿನ ತುದಿಯಲ್ಲಿ ಕಾಲಿನ ಬೆರಳು ಹೊರಗೆ ಬಿಟ್ಟು ದಿನಾ ಮುಟ್ಟಿ ನೋಡಬೇಕೆಂಬ ಅಭ್ಯಾಸವೇ ಬಂದಿರಲಿಲ್ಲ. ಕೆಂಚ ಕಚ್ಚಿದ್ದು ಮೊಟ್ಟೆಯ ಆಸೆಗಲ್ಲ, ಕಟ್ಟು ಬಿಚ್ಚಲಿಕ್ಕೆ. ಸುಮ್ಮನಾದದ್ದು ನೋವು ಇಳಿದಲ್ಲ, ಕಾಲು ಸತ್ತು.

ಪೀರ್ ಸಾಬರು ಅದನ್ನು ಗೋಣಿಯಲ್ಲಿ ಎತ್ತಿಕೊಂಡು ಕೋಟೆಗೆ ನಡೆದರು. ಡಾಕ್ಟರು ಭುಜದ ಹತ್ತಿರ ಕಾಲು ತೆಗೆದರು. ಹೊರಗೆ ಕೂತಿದ್ದ ಪೀರ್ ಸಾಬರ ಹತ್ತಿರ ಮಹದೇವಯ್ಯ ಬಂದು ಕೂತ. "ನಂಜು ಮೈಗೆ ಏರ್ಬಿಟ್ಟದೆ ಸಾಬ್ರೆ. ನೋಡೋಣ," ಎಂದನೇ ಹೊರತು ಮೊದಲ ದಿನದ ಮಾತನ್ನು ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು ಎಂದು ಪೀರ್ ಸಾಬರಿಗೆ ಅನ್ನಿಸಿತು.

ಮುಂದಿನ ಸಂತೆಯ ಹಿಂದಿನ ದಿನ ಕೆಂಚ ಸತ್ತಿತು. ಪೀರ್ ಸಾಬರು ಹುಣಸೆಮರದ ಹಿಂದೆ ಗುಂಡಿ ತೋಡಿ ಹೂತರು. ಮರುದಿನ ಬೆಳಿಗ್ಗೆ ಬೆಳ್ಳಿ ಬಂದಾಗ ಎಲೆಯಲ್ಲಿ ಮುದ್ದೆ ಇತ್ತು. ಇವರ ಮುಖ ನೋಡಿದಳು, ಖಾಲಿ ಕೊಟ್ಟಿಗೆ ನೋಡಿದಳು. ನಡೆದದ್ದನ್ನೆಲ್ಲ, ಕುಕ್ಕೆಯ ವಿಷಯವನ್ನೂ ಬಿಡದೆ ಅವರು ಹೇಳಿದರು.

"ಬೈಯವ್ವ. ಬಾಯಿಗೆ ಬಂದಂಗೆ ಬೈಯಿ."

"ಬೈದ್ರೆ ಹಂದಿ ಓಡ್ತಾವ ಸಾಬಣ್ಣ?" ಎಂದಳು ಬೆಳ್ಳಿ. ಮುದ್ದೆಯನ್ನು ಅಲ್ಲೇ ಕಟ್ಟೆಯ ಮೇಲೆ ಇಟ್ಟು ಹೋದಳು.

ತೆನೆ ಕಟ್ಟಿದಾಗ ಪೀರ್ ಸಾಬರೇ ಹೊಲ ಕಾಯಲು ಹೋದರು. ಅವರಿಗೆ ಕಿವಿ ಇತ್ತು, ಮೂಗಿರಲಿಲ್ಲ. ಸದ್ದು ಕೇಳಿ ಡಬ್ಬ ಬಡಿಯುವ ಹೊತ್ತಿಗೆ ಹಂದಿಗಳು ಹೊಲದ ನಡುವೆ ಇರುತ್ತಿದ್ದವು. ನಾಯಿಮರಿಯೊಂದನ್ನು ತಂದುಕೊಟ್ಟರು; ಅದು ಹೆದರಿ ಬೆಳ್ಳಿಯ ಕಾಲಿನ ಸಂದಿಗೆ ಬಂದು ಸೇರಿತು. ಕೊಯ್ಲಿಗೆ ಉಳಿದದ್ದು ತುಳಿದ ಹುಲ್ಲು. ಬೆಳ್ಳಿ ಮರಿಯನ್ನು ಅವರಿಗೇ ಒಪ್ಪಿಸಿ, ಬೆಟ್ಟದಪುರದ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಗೆ ಕೂಲಿಗೆ ಹೋದಳು. ಮರುವರ್ಷ ಆ ಹೊಲದಲ್ಲಿ ಲಂಟಾನದ ಪೊದೆ ಎದ್ದಿತು. ಅವಳು ತಿರುಗಿ ಬರಲಿಲ್ಲ.

ಪೀರ್ ಸಾಬರು ಆಮೇಲೆ ಯಾವ ಪ್ರಾಣಿಯ ಮೂಳೆಯನ್ನೂ ಕಟ್ಟಲಿಲ್ಲ. ತಂದವರನ್ನು ತಾವೇ ಕೋಟೆಗೆ ಕರೆದೊಯ್ದು ಬಿಟ್ಟು ಬರುತ್ತಿದ್ದರು. ಗೂಟದ ಮೇಲಿನ ಹಳೆ ಅಂಗಿಯನ್ನು ಬಷೀರಾಬಿಯೂ ತೆಗೆಯಲಿಲ್ಲ. ಲಾಳದ ಕೆಲಸ ಮಾತ್ರ ನಡೆದೇ ಇತ್ತು. ಎಷ್ಟು ಕಾಲಿಗೆ ಕಟ್ಟಬೇಕು ಸಾಬ್ರೆ ಎಂದು ಗಾಡಿಯವರು ಕೇಳಿದರೆ, ಹೆಬ್ಬೆರಳು ಮಡಚಿ ಉಳಿದ ಬೆರಳು ತೋರಿಸುತ್ತಿದ್ದರು. "ಬಾಯಿ ಬಿದ್ದೋಯ್ತಾ ಸಾಬ್ರೆ, ಯೋಳ್ಬಾರ್ದಾ?" ಎಂದು ಚನ್ನಬಸವಣ್ಣ ಛೇಡಿಸಿದರೂ ಬಾಯಿ ಬಿಡುತ್ತಿರಲಿಲ್ಲ. ಆ ಸಂಖ್ಯೆಯನ್ನು ಅವರು ಹುಣಸೆಮರದ ಕೆಳಗೆ, ಎಲ್ಲರಿಗೂ ಕೇಳುವಂತೆ, ಬೆಳ್ಳಿಗೆ ಒಮ್ಮೆ ಹೇಳಿಬಿಟ್ಟಿದ್ದರು: ನಾಕು.