ದ್ರೌಪದಿಯ ಶರತ್ತು

ವಳಸಂಗದ ದ್ರೌಪದಿ ಹತ್ತೊಂಬತ್ತು ವರ್ಷದಿಂದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಟವೆಲ್ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ ಮಾಡುತ್ತಿದ್ದಳು. ಹೋದ ವರ್ಷ ಅವಳ ಮೇಜಿನ ಪಕ್ಕಕ್ಕೆ ಕ್ಯಾಮೆರಾ ಇದ್ದ ರೋಬೋಟ್ ತೋಳೊಂದು ಬಂತು. ಕಲೆ, ಹರಕು ಎಲ್ಲವನ್ನೂ ಅದು ಕ್ಷಣದಲ್ಲಿ ಹಿಡಿಯುತ್ತಿತ್ತು. ನೂಲು ಸಡಿಲಾದ ಜಾಗ ಮಾತ್ರ ಅದಕ್ಕೆ ತಿಳಿಯುತ್ತಿರಲಿಲ್ಲ. ದ್ರೌಪದಿಯ ಬೆರಳಿಗೆ ಮುಟ್ಟಿದೊಡನೆ ತಿಳಿಯುತ್ತಿತ್ತು.

“ಮಾವಶಿ, ನೂಲು ಸಡಿಲಾದ ಟವೆಲ್ ಆರಿಸಿ ಕೊಡ್ರಿ, ಅವನ್ನ ನೋಡಿ ಮಷೀನ್ ಕಲೀತೈತಿ,” ಎಂದ, ಅವಳನ್ನು ಚಿಕ್ಕಮ್ಮನೆಂದೇ ಕರೆಯುವ ಇಂಜಿನಿಯರ್ ಶೈಲೇಶ.

ದ್ರೌಪದಿ ಹಿಂದೆ ತಿರುಗಿ ನೋಡಿದಳು. ಅವಳ ಜೊತೆಯ ನಾಲ್ವರು ಹೆಂಗಸರು ಕೈ ನಿಲ್ಲಿಸಿ ಕೇಳುತ್ತಿದ್ದರು.

“ಅದು ಕಲಿತ ಮ್ಯಾಲ ನಮಗೇನ ಕೆಲಸ ಉಳೀತೈತಿ? ಮಷೀನಿಗೆ ನಾ ಕಲಸ್ತೀನಿ. ಅದನ್ನ ನಡಸೂದು ನಮ್ಮ ಐದೂ ಮಂದಿಗೆ ನೀವು ಕಲಸ್ರಿ. ಆಗೂದಿಲ್ಲ ಅಂದ್ರ ನಾನೂ ಕಲಸೂದಿಲ್ಲ,” ಎಂದಳು ದ್ರೌಪದಿ.

ಶೈಲೇಶ ಮಾಲೀಕನಿಗೆ ತಿಳಿಸಿದ. ಮೂರನೆಯ ದಿನ ಮಾಲೀಕ ಯೋಗಿರಾಜ ತಾನೇ ಬಂದು, “ಐದೂ ಮಂದಿ ಕಲೀರಿ,” ಎಂದ.

ಯಂತ್ರದ ಪರದೆಯ ಮೇಲಿನ ಅಕ್ಷರ ಓದಲಾಗದೆ ಒಬ್ಬಳು ಪ್ಯಾಕಿಂಗ್ ವಿಭಾಗಕ್ಕೆ ಹೋದಳು. ಉಳಿದವರು ಈಗ ಸರದಿಯಂತೆ ತೋಳನ್ನು ನಡೆಸುತ್ತಾರೆ. ಅದು ತಪ್ಪಿದಾಗ ದ್ರೌಪದಿ, “ಹಂಗಲ್ಲೋ, ಇಲ್ಲಿ ನೋಡು,” ಎಂದು ಗದರುತ್ತಾಳೆ.