ಅಚ್ಚಾಗದ ಎಂಟು ಸಾಲು

ನಮ್ಮ ಪತ್ರಿಕೆಯ ಸಂಪಾದಕರಿಗೆ ಅಕ್ಷರ ಕಾಣುವುದಿಲ್ಲ ಅನ್ನುವುದು ಅವರ ಮನೆಯವರನ್ನು ಬಿಟ್ಟರೆ ಮೂರೇ ಜನಕ್ಕೆ ಗೊತ್ತಿತ್ತು. ಅದರಲ್ಲಿ ನಾನೊಬ್ಬಳು. ಕೊರಟಗೆರೆಯಲ್ಲಿ ನನ್ನದೊಂದು ಔಷಧಿ ಅಂಗಡಿ, ಪತ್ರಿಕೆಗೆ ಬರುವ ಕತೆಗಳನ್ನು ಓದುವುದು ನನ್ನ ಇನ್ನೊಂದು ಕೆಲಸ. ಕವಿತೆಗಳು ಶಿರಾದ ಬಟ್ಟೆ ಅಂಗಡಿ ಸಾಹೇಬರ ಪಾಲು. ಮೂರನೆಯವನು ಮಧುಗಿರಿಯಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ಹುಡುಗ, ಪತ್ರಿಕೆಯ ಪುಟ ಕಟ್ಟುವವನು. ಹುಡುಗ ಅಂತ ನಾನು ಅನ್ನುತ್ತೇನೆ, ಅವನಿಗೂ ಎರಡು ಮಕ್ಕಳಿವೆ.

ಸಂಪಾದಕರು ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ನಮಗೆಲ್ಲ ಸಾರ್. ಸಕ್ಕರೆ ಕಾಯಿಲೆ ಕಣ್ಣಿಗಿಳಿದು ಅವರಿಗೆ ಮನುಷ್ಯರು ನೆರಳಿನ ಹಾಗೆ ಕಾಣುತ್ತಿದ್ದರು, ಅಕ್ಷರವಂತೂ ಇಲ್ಲವೇ ಇಲ್ಲ. ಪತ್ರಿಕೆಯ ಖರ್ಚು ನೋಡಿಕೊಳ್ಳುವುದು ಒಂದು ಟ್ರಸ್ಟು. ಅದರ ಅಧ್ಯಕ್ಷರು "ಮೇಷ್ಟ್ರಿಗೆ ವಯಸ್ಸಾಯ್ತು, ಬೇರೆಯವರಿಗೆ ವಹಿಸೋಣ" ಅಂತ ಆಗಲೇ ರಾಗ ತೆಗೆದಿದ್ದರು. "ನನ್ನ ಕಣ್ಣಿನ ವಿಷಯ ಅವರ ಕಿವಿಗೆ ಬಿದ್ದ ದಿನ ಪತ್ರಿಕೆ ನನ್ನ ಕೈ ಬಿಟ್ಟೋಯ್ತು ಅಂತ ತಿಳ್ಕಳಿ" ಅಂದಿದ್ದರು ಸಾರ್. ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಉಳಿದಿದ್ದೇ ಆ ಪತ್ರಿಕೆ. ನಾವು ಬಾಯಿ ಹೊಲಿದುಕೊಂಡೆವು.

ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಕಡಿಮೆ. ಆಗ ನಾನು ಕತೆಗಳನ್ನು ಮೊಬೈಲಿನಲ್ಲಿ ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದೆ. ಒಂದು ಸಲ ಕತೆಯ ನಡುವೆ ಯಾರೋ ಬಂದು "ಭೇದಿ ಮಾತ್ರೆ ಕೊಡಮ್ಮ" ಅಂದದ್ದೂ ಸೇರಿಕೊಂಡಿತ್ತು. ಸಂಜೆ ಸಾರ್ ಫೋನ್ ಮಾಡಿ, "ಕತೆ ಸಪ್ಪೆ ಕಣಮ್ಮ, ಆದ್ರೆ ಆ ಮಾತ್ರೆ ಕೇಳೋನು ಚೆನ್ನಾಗಿ ಬಂದವ್ನೆ" ಅಂದಿದ್ದರು. ಬೇಕಂತಲೇ ಅಂದರೋ, ನಿಜಕ್ಕೂ ಪಾತ್ರ ಅಂದುಕೊಂಡರೋ ನನಗೆ ಇವತ್ತಿಗೂ ತಿಳಿಯದು.

ಸಂಚಿಕೆ ಬಂದಾಗಲೆಲ್ಲ ನಾಲ್ಕು ತಾಲ್ಲೂಕಲ್ಲಿ ಒಂದೊಂದು ಸಲ ಒಂದೊಂದು ಕಡೆ ಬಿಡುಗಡೆ ಮಾಡುವುದು, ಆವತ್ತು ಸಂಪಾದಕರೇ ನಿಂತು ಹೊಸಬರ ಕತೆಯೊಂದರ ಒಂದೆರಡು ಪುಟ ಓದುವುದು ಮೊದಲಿಂದ ನಡೆದುಬಂದ ಪದ್ಧತಿ. ಕಣ್ಣು ಹೋದ ಮೇಲೂ ಸಾರ್ ಅದನ್ನು ಬಿಡಲಿಲ್ಲ. ನನ್ನ ರೆಕಾರ್ಡನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ನಾನು ಆ ಪುಟಗಳ ಮೂಲೆ ಮಡಿಸಿ ಪತ್ರಿಕೆಯನ್ನು ಕೈಗೆ ಕೊಡುತ್ತಿದ್ದೆ. ಬೆರಳಲ್ಲಿ ಮೂಲೆ ಹುಡುಕಿ ಪುಟ ತೆರೆದು, ಕನ್ನಡಕ ಸರಿ ಮಾಡಿಕೊಂಡು, ಶುರು ಹಚ್ಚಿಕೊಂಡರೆ ದೇವರಾಣೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಆ ಸಲ ಪಾವಗಡದ ಸರದಿ. ಕತೆ ನಾಗಲಮಡಿಕೆ ಕಡೆಯ ಒಬ್ಬ ಹೆಣ್ಣುಮಗಳದ್ದು, ಅವಳ ಮೊದಲ ಕತೆ. ಸೋಲಾರ್ ಪ್ಲೇಟು ತೊಳೆಯುವ ಕೂಲಿಗೆ ಹೋಗುವವಳು, ಅದನ್ನೇ ಬರೆದಿದ್ದಳು. ಕತೆಯ ಹೆಂಗಸು ಬೆಳಗಿನ ಜಾವ ತೊಳೆದ ಪ್ಲೇಟಿನಲ್ಲಿ ತನ್ನ ಮುಖ ನೋಡಿಕೊಳ್ಳುತ್ತಾಳೆ. ಮನೆಯ ಕನ್ನಡಿಯಲ್ಲಿ ಮುಖ ನೋಡಿಕೊಳ್ಳಲು ಅತ್ತೆ ಬಿಟ್ಟವಳಲ್ಲ. ಇಲ್ಲಿ ಸೂಪರ್‌ವೈಸರ್ ಬರುವ ತನಕ ಅದು ತನ್ನದೇ ಅಂದುಕೊಂಡು, ನೀರು ಒರೆಸದೆ ನಿಂತುಬಿಡುತ್ತಾಳೆ. ಎಂಟು ಸಾಲು ಅಷ್ಟೆ. ಎರಡು ಸಲ ಓದಿಕೊಂಡು ಆಮೇಲೆ ರೆಕಾರ್ಡ್ ಮಾಡಿ ಕಳಿಸಿದೆ. ಸಾರ್ ಆ ರಾತ್ರಿಯೇ ಫೋನ್ ಮಾಡಿ, "ಆ ಎಂಟು ಸಾಲಿಗೋಸ್ಕರ ಪತ್ರಿಕೆ ನಡೆಸ್ಬೋದು ಕಣಮ್ಮ" ಅಂದರು.

ಡಿಟಿಪಿ ಹುಡುಗನ ಕಾರಿನಲ್ಲೇ ನಾವೆಲ್ಲ ಪಾವಗಡಕ್ಕೆ ಹೋದೆವು. ಪತ್ರಿಕೆಯ ಕಟ್ಟುಗಳು ಡಿಕ್ಕಿಯಲ್ಲಿದ್ದವು, ಬಿಚ್ಚಿರಲಿಲ್ಲ. ಬಸ್ ಸ್ಟ್ಯಾಂಡ್ ಹಿಂದಿನ ಭವನದಲ್ಲಿ ಸಭೆ. ಜನ ಚೆನ್ನಾಗಿಯೇ ಸೇರಿದ್ದರು, ಬಂದವರಿಗೆಲ್ಲ ಒಂದೊಂದು ಪ್ರತಿ ಹಂಚಿಯಾಗಿತ್ತು. ಸಾರ್ ವೇದಿಕೆ ಮೇಲೆ ಅಧ್ಯಕ್ಷರ ಪಕ್ಕ ಕೂತಾಗ ನಾನು ಮೂಲೆ ಮಡಿಸೋಣ ಅಂತ ಒಂದು ಪ್ರತಿ ತೆರೆದೆ. ಕತೆಯ ಎರಡನೆಯ ಪುಟದ ಕೆಳಗೆ ಬೋರ್‌ವೆಲ್ ಮೋಟಾರಿನ ಜಾಹೀರಾತು. ಪ್ಲೇಟಿನಲ್ಲಿ ಮುಖ ನೋಡಿಕೊಳ್ಳುವುದು ಇಲ್ಲವೇ ಇಲ್ಲ.

ಬಾಗಿಲ ಹತ್ತಿರ ನಿಂತಿದ್ದ ಹುಡುಗನ ತೋಳು ಹಿಡಿದೆಳೆದು, "ಏನ್ಲಾ ಇದು?" ಅಂದೆ.

"ಕೊನೆ ಗಳಿಗೇಲಿ ಜಾಹೀರಾತು ಬಂತಕ್ಕ. ಎಂಟೇ ಸಾಲು ತೆಗೆದೆ. ಕತೆಗೇನೂ ಆಗಿಲ್ಲ ಬುಡಕ್ಕ."

"ಸಾರ್‌ನ ಕೇಳಿದ್ಯಾ?"

"ಅವರಿಗೆ ಹೆಂಗೆ ಗೊತ್ತಾಗುತ್ತೆ?" ಅಂದ. ಅಂದುಬಿಟ್ಟು ತಾನೇ ತಲೆ ತಗ್ಗಿಸಿದ.

ಆ ಮಾತಿಗೆ ಕಪಾಳಕ್ಕೆ ಬಿಡಬೇಕು ಅನ್ನಿಸಿತು. ಸಭೆ ಅಂತ ಸುಮ್ಮನಾದೆ. ಮೂರನೆಯ ಸಾಲಿನಲ್ಲಿ ಕತೆ ಬರೆದವಳು ಕೂತಿದ್ದಳು, ನೀಲಿ ಸೀರೆ, ಪಕ್ಕದಲ್ಲಿ ಗಂಡ. ಆ ಪುಟವನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದಳು. ಅವಳಿಗೂ ಗೊತ್ತಾಗಿತ್ತು.

ನೀರಿನ ಬಾಟಲಿ ಕೊಡುವ ನೆಪದಲ್ಲಿ ವೇದಿಕೆ ಹತ್ತಿದೆ. ಪತ್ರಿಕೆ ಕೈಗಿಡುತ್ತಾ, "ಸಾರ್, ಮೊದಲನೇ ಪುಟ ಓದಿ ಸಾಕು. ಅದೊಂದನ್ನೇ ಮಡಿಸಿದೀನಿ" ಅಂತ ಪಿಸುಗುಟ್ಟಿದೆ.

"ಯಾಕೆ?"

ಅಧ್ಯಕ್ಷರು ಇತ್ತ ವಾಲಿದರು. ಇನ್ನೇನು ಹೇಳಲಿ? "ಟೈಮಿಲ್ಲ ಸಾರ್" ಅಂದೆ.

"ಟೈಮ್ ಬೇಕಾದಷ್ಟು ಇದೆ, ನಿಧಾನವಾಗಿ ಓದಲಿ ಬಿಡಮ್ಮ" ಅಂದರು ಅಧ್ಯಕ್ಷರು, ದೊಡ್ಡ ಮನಸ್ಸು ಮಾಡಿದವರ ಹಾಗೆ. ನಾನು ಇಳಿದು ಬಂದು ಶಿರಾದ ಸಾಹೇಬರ ಪಕ್ಕ ಕೂತೆ. ವಿಷಯ ಹೇಳಿದೆ. ಅವರು "ಯಾ ಅಲ್ಲಾ" ಅಂತ ಮೆಲ್ಲಗೆ ಅಂದು ತಮ್ಮ ಕೈಯಲ್ಲಿದ್ದ ಪ್ರತಿಯನ್ನು ಮುಚ್ಚಿದರು.

ಸಾರ್ ಎದ್ದು ನಿಂತು ಕತೆಯ ಮೊದಲ ಪುಟ ಓದಿದರು. ಒಂದಕ್ಷರ ತಪ್ಪಲಿಲ್ಲ. ಸಭಿಕರು ತಮ್ಮ ತಮ್ಮ ಪ್ರತಿಯಲ್ಲಿ ಸಾಲು ಹಿಡಿದು ನೋಡುತ್ತಿದ್ದರು. ಪುಟ ಮುಗಿಯಿತು. ಕೂತುಕೊಳ್ಳಿ ಸಾರ್, ಕೂತುಕೊಳ್ಳಿ ಅಂತ ನಾನು ಒಳಗೊಳಗೇ ಬೇಡಿಕೊಂಡೆ. ಅವರು ಪುಟ ತಿರುವಿದರು. ಇನ್ನು ಬ್ರಹ್ಮ ಬಂದರೂ ನಿಲ್ಲಿಸಲಾರ ಅಂತ ಗೊತ್ತಾಯಿತು.

ಹೆಂಗಸು ಬಕೆಟ್ ಎತ್ತಿಕೊಂಡಳು. ಪ್ಲೇಟಿಗೆ ನೀರು ಹಾಕಿದಳು. ಅಲ್ಲಿಗೆ ಪತ್ರಿಕೆಯಲ್ಲಿ ಸಾಲು ಮುಗಿದು ಮೋಟಾರು ಶುರುವಾಗುತ್ತಿತ್ತು. ಸಾರ್ ಮಾತ್ರ ನಿಲ್ಲಿಸಲಿಲ್ಲ. ಧ್ವನಿ ಇಳಿಸಿ, ಅವಳು ನೀರಿನೊಳಗೆ ತನ್ನ ಮುಖ ನೋಡಿಕೊಂಡದ್ದನ್ನು ಹೇಳತೊಡಗಿದರು. ಸಭೆಯಲ್ಲಿ ಹಾಳೆಗಳು ಪರಪರ ಅಂದವು. ಒಬ್ಬರು ಪಕ್ಕದವರ ಪ್ರತಿಯನ್ನು ಇಣುಕಿದರು, ಇನ್ನೊಬ್ಬರು ಹಿಂದಿನ ಪುಟಕ್ಕೆ ಹೋದರು. ಅಧ್ಯಕ್ಷರು ಕನ್ನಡಕ ಹಾಕಿಕೊಂಡು ತಮ್ಮ ಪ್ರತಿ ನೋಡಿದರು, ಆಮೇಲೆ ಸಾರ್ ಕೈಯಲ್ಲಿದ್ದ ಪ್ರತಿಯತ್ತ ಬಗ್ಗಿದರು. ನೀಲಿ ಸೀರೆಯವಳೊಬ್ಬಳೇ ಪತ್ರಿಕೆ ಮುಚ್ಚಿ ಮಡಿಲಲ್ಲಿಟ್ಟುಕೊಂಡು ಸಾರ್ ಮುಖವನ್ನೇ ನೋಡುತ್ತಿದ್ದಳು.

ಮುಗಿಯಿತು. ಚಪ್ಪಾಳೆ ಬೀಳಲಿಲ್ಲ.

"ಮೇಷ್ಟ್ರೇ," ಅಂದರು ಅಧ್ಯಕ್ಷರು, ಮೈಕಿಗೆ ಕೇಳುವ ಹಾಗೆಯೇ. "ತಾವು ಕೊನೆಗೆ ಓದಿದ್ದು ಇದರಲ್ಲಿ ಇಲ್ವಲ್ಲ?"

ಸಾರ್ ನಿಂತಲ್ಲೇ ನಿಂತರು. ಅವರ ಹೆಬ್ಬೆರಳು ಪುಟದ ಮೇಲೆ ಆಚೀಚೆ ಆಡಿತು, ಅಲ್ಲಿ ಇದೆಯೋ ಇಲ್ಲವೋ ಅಂತ ತಡವಿ ನೋಡುವವರ ಹಾಗೆ. ನನಗೆ ಅದನ್ನು ನೋಡಲಾಗಲಿಲ್ಲ.

ಆಗ ಡಿಟಿಪಿ ಹುಡುಗ ಧಡಧಡ ಮುಂದೆ ಬಂದ. "ಅದೇನಿಲ್ಲ ಸಾರ್," ಅಂದ ಅಧ್ಯಕ್ಷರಿಗೆ. "ಜಾಗ ಸಾಲ್ದೇ ಹೋಯ್ತು. ಸಂಪಾದಕರೇ ಕೊನೆ ಪ್ರೂಫ್ ನೋಡಿ ಆ ಎಂಟು ಸಾಲು ಹೊಡೆದು ಹಾಕಿದ್ರು. ಮನಸ್ನಲ್ಲಿ ಉಳ್ಕೊಂಡಿತ್ತು ಅಂತ ಕಾಣುತ್ತೆ, ಬಾಯಲ್ಲಿ ಹಂಗೇ ಬಂದ್ಬುಡ್ತು."

ಎಂಥ ಸುಳ್ಳು ನೋಡಿ. ಅದೂ ನಿಂತ ನಿಲುವಿನಲ್ಲಿ. ಸಭೆ ಪೂರ್ತಿ ನಂಬಿತು. "ಏನ್ ಜ್ಞಾಪಕ ಅಪ್ಪಾ ಈ ವಯಸ್ನಲ್ಲಿ" ಅಂದರು ಯಾರೋ. ಅಧ್ಯಕ್ಷರೂ ನಕ್ಕು ತಲೆಯಾಡಿಸಿದರು. ನಿಜ ಹೇಳುತ್ತೇನೆ, ನನಗೆ ಹೋದ ಜೀವ ಬಂದಂತಾಯಿತು. ಅವನ ಮೇಲಿದ್ದ ಸಿಟ್ಟೆಲ್ಲ ಇಳಿದು, ಬದುಕಿಸಿಬಿಟ್ಟೆಯಲ್ಲೋ ಅನ್ನಿಸಿತು. ಸಾರ್ ಸುಮ್ಮನೆ ಹೂಂ ಅಂದು ಕೂತಿದ್ದರೆ ಎಲ್ಲ ಮುಗಿಯುತ್ತಿತ್ತು.

ಮೂರನೆಯ ಸಾಲಿನವಳು ಮಾತ್ರ ಮುಖ ತಗ್ಗಿಸಿದ್ದಳು. ತನ್ನ ಕತೆ ಆರಿಸಿದ ಮನುಷ್ಯನೇ ಆ ಸಾಲುಗಳನ್ನು ಹೊಡೆದು ಹಾಕಿದ್ದು ಅಂತ ಅವಳು ನಂಬಿಬಿಟ್ಟಿದ್ದಳಲ್ಲ ಈಗ. ಗಂಡ ಅವಳ ಕಿವಿಯಲ್ಲಿ ಏನೋ ಹೇಳಿದ. ಅವಳು ಚೀಲ ಎತ್ತಿಕೊಂಡಳು.

ಸಾರ್ ಮೈಕನ್ನು ತಡವಿ ಹಿಡಿದುಕೊಂಡರು.

"ಅವನು ಹೇಳಿದ್ದು ಸುಳ್ಳು," ಅಂದರು. "ನಾನು ಹೊಡೆದು ಹಾಕಿಲ್ಲ. ಹೊಡೆದು ಹಾಕೋಕೆ ನನಗೆ ಪ್ರೂಫ್ ಕಾಣಬೇಕಲ್ಲ. ಈ ಪತ್ರಿಕೆ ಕಾಣಲ್ಲ. ನೀವ್ಯಾರೂ ಸರಿಯಾಗಿ ಕಾಣಲ್ಲ. ಕೇಳಿ ಕಲ್ತಿದ್ದನ್ನ ಒಪ್ಪಿಸ್ತಾ ಇದ್ದೆ."

ಸಾಹೇಬರು ಕಣ್ಣೊರೆಸಿಕೊಂಡರು. ನಾನು ಅಳಲಿಲ್ಲ, ನನಗೆ ಸಾರ್ ಮೇಲೇ ಕೋಪ ಬಂದಿತ್ತು. ಯಾರು ಕೇಳಿದ್ದರು ಇವರನ್ನು?

"ಈ ಕತೆ ಬರೆದ ತಾಯಿ ಬಂದಿದಾರಂತೆ," ಅಂದರು ಸಾರ್. "ಎಲ್ಲಿದೀಯಮ್ಮ? ಕೈ ಎತ್ತಬೇಡ. ಮಾತಾಡು, ಗೊತ್ತಾಗುತ್ತೆ."

ಅವಳು ಎದ್ದು ನಿಂತಳು. ಗಾಬರಿಗೆ ತೆಲುಗೇ ಮೊದಲು ಬಂತು. "ಈಡೇ ಉಂಡಾನು ಸಾರ್," ಅಂದಳು. ಆಮೇಲೆ, "ಇಲ್ಲೇ ಇದೀನಿ."

ಸಾರ್ ಆ ದನಿಯ ಕಡೆಗೆ ತಿರುಗಿದರು. "ಆ ಎಂಟು ಸಾಲು ಇನ್ನೊಂದು ಸಲ ಹೇಳ್ತೀನಿ. ತಪ್ಪಿದ್ರೆ ತಿದ್ದು," ಅಂದರು. ಇನ್ನು ಕೈಯಲ್ಲಿ ಪತ್ರಿಕೆ ಯಾಕೆ ಅನ್ನಿಸಿತೋ ಏನೋ, ಅದನ್ನು ಪಕ್ಕಕ್ಕೆ ಚಾಚಿದರು. ಅಧ್ಯಕ್ಷರು ಅದನ್ನು ತೆಗೆದುಕೊಂಡರು.